ಹೆಪ್ಪಿಗೆ ಇಟ್ಟ ಚರಣ

ನಮ್ಮೂರಿನಲ್ಲಿ ಒಂದು ಹಾಡು ಒಂದು ಹೊತ್ತಿಗೆ ಒಬ್ಬರ ಬಾಯಲ್ಲಿ ಮಾತ್ರ ಇರುತ್ತದೆ. ಬೇರೆ ಊರುಗಳಲ್ಲಿ ಹಾಗಲ್ಲವಂತೆ, ಒಂದೇ ಹಾಡನ್ನು ಒಂದೇ ಸಲಕ್ಕೆ ಸಾವಿರ ಜನ ಹಾಡುತ್ತಾರಂತೆ. ಅಷ್ಟು ಜನಕ್ಕೆ ಅದು ಹೇಗೆ ಸಾಲುತ್ತದೋ ದೇವರೇ ಬಲ್ಲ. ನಮ್ಮಲ್ಲಿ ಹಾಡೆಂದರೆ ಏಣಿ ಇದ್ದ ಹಾಗೆ. ಪಕ್ಕದ ಮನೆಯವರು ಇಸಿದುಕೊಂಡು ಹೋದರೆ ವಾಪಸ್ ತರುವ ತನಕ ನೀವು ಅಟ್ಟ ಹತ್ತುವ ಹಾಗಿಲ್ಲ. ಮಗಳ ಅರಿಶಿನದ ಶಾಸ್ತ್ರಕ್ಕೆ ಸೋಬಾನೆ ಬೇಕೆಂದರೆ ಅದಿರುವ ಮನೆಗೆ ಹೋಗಿ ಕೇಳಬೇಕು. ಕೊಡುವವರು ಹೊಸ್ತಿಲಿನ ಒಳಗೆ ಕೂರುತ್ತಾರೆ, ಪಡೆಯುವವರು ಹೊರಗೆ. ಕೊಡುವವರು ಮೊದಲ ಸಾಲನ್ನು ಕಿವಿಯಲ್ಲಿ ಹೇಳುತ್ತಾರೆ, ಪಡೆಯುವವರು ಅದನ್ನೇ ತಿರುಗಿ ಹೇಳುತ್ತಾರೆ. ಅಷ್ಟಕ್ಕೆ ಇಡೀ ಹಾಡು ಹೊಸ್ತಿಲು ದಾಟಿಬಿಡುತ್ತದೆ. ಕೊಟ್ಟವರು ಆಮೇಲೆ ಹಾಡಲೆಂದು ಬಾಯಿ ತೆರೆದರೆ ಉಸಿರು ಮಾತ್ರ ಬರುತ್ತದೆ.

ವಾಪಸ್ ಕೊಡುವುದಕ್ಕೂ ಒಂದು ಕಟ್ಟಳೆ ಇದೆ. ಪಕ್ಕದ ಮನೆಯ ಪಾತ್ರೆಯನ್ನು ಯಾರೂ ಬರಿದಾಗಿ ಹಿಂದಿರುಗಿಸುವುದಿಲ್ಲವಲ್ಲ, ಒಂದು ಚೂರು ಬೆಲ್ಲವನ್ನಾದರೂ ಹಾಕಿ ಕೊಡುತ್ತಾರೆ. ಹಾಡಿಗೂ ಅದೇ ಮರ್ಯಾದೆ. ಪಡೆದವರು ತಮ್ಮದೊಂದು ಚರಣ ಸೇರಿಸಿ ಕೊಡಬೇಕು. ಚರಣ ಚೆನ್ನಾಗಿರಬೇಕು ಎಂದೇನೂ ಇಲ್ಲ. ಆದರೆ ಖಾಲಿ ಬಂದ ಹಾಡು ಮನೆಯೊಳಗೆ ಕಾಲಿಡುವುದಿಲ್ಲ, ಹೊಸ್ತಿಲಿನಿಂದಲೇ ತಿರುಗಿ ಹೋಗುತ್ತದೆ. ಹೀಗಾಗಿ ನಮ್ಮೂರಿನ ಹಾಡುಗಳೆಲ್ಲ ಬಲು ಉದ್ದ. ಒಂದು ಸೋಬಾನೆ ಹಾಡಿ ಮುಗಿಸುವಷ್ಟರಲ್ಲಿ ಮದುಮಗಳಿಗೆ ಹಚ್ಚಿದ ಅರಿಶಿನ ಒಣಗಿ ಉದುರುತ್ತದೆ.

ನನ್ನ ಹೆಸರು ತಿಪ್ಪಮ್ಮ. ನನಗಿಂತ ಮುಂಚೆ ಹುಟ್ಟಿದ ಇಬ್ಬರು ಉಳಿಯಲಿಲ್ಲವೆಂದು ನನ್ನನ್ನು ತಿಪ್ಪೆಯ ಮೇಲೆ ಹೊರಳಿಸಿ ಎತ್ತಿಕೊಂಡು ಆ ಹೆಸರಿಟ್ಟರು. ಈಗ ಪೋಸ್ಟರಿನಲ್ಲಿ ‘ತಿಪ್ಪಿ’ ಎಂದು ದಪ್ಪಕ್ಷರದಲ್ಲಿ ಬರುತ್ತದೆ, ದೂರದ ಊರಿನವರು ಅದನ್ನು ಏನೋ ಫ್ಯಾಷನ್ನು ಅಂದುಕೊಂಡಿದ್ದಾರೆ. ನಮ್ಮದು ಮೂವರ ಬ್ಯಾಂಡು. ನಾನು ಹಾಡುತ್ತೇನೆ. ಧರಣೇಂದ್ರ ಗಿಟಾರ್ ನುಡಿಸುತ್ತಾನೆ, ಹೊಸ ಹಾಡು ಕಟ್ಟುತ್ತಾನೆ, ಹೆದರಿಕೆಯಾದಾಗ ಉಗುರು ಕಚ್ಚುತ್ತಾನೆ. ನಮ್ಮಿಬ್ಬರಿಗಿಂತ ಹತ್ತು ವರ್ಷ ದೊಡ್ಡವನಾದ ಖಾಜಣ್ಣ ಬುಲ್‌ಬುಲ್ ತರಂಗ, ಡೋಲು, ಕೈಗೆ ಸಿಕ್ಕಿದ ತಗಡು ಎಲ್ಲವನ್ನೂ ನುಡಿಸುತ್ತಾನೆ. ಸ್ಟುಡಿಯೋ ಕೂಡ ಅವನದೇ. ಅದು ಅವನಪ್ಪ ನಡೆಸುತ್ತಿದ್ದ ಐಸ್ ಫ್ಯಾಕ್ಟರಿ. ಐಸು ಕರಗದಿರಲಿ ಎಂದು ಗೋಡೆಗಳ ನಡುವೆ ಒಂದು ಮೊಳ ದಪ್ಪ ಮರದ ಹೊಟ್ಟು ತುಂಬಿ ಕಟ್ಟಿದ ಕೋಣೆ, ಹೊರಗೆ ಲಾರಿ ಹೋದರೂ ಒಳಗೆ ಕೇಳುವುದಿಲ್ಲ. ಬ್ಯಾಂಡಿನ ಹೆಸರು ‘ಎರವಲು’. ಹೆಸರಿಟ್ಟಾಗ ಊರವರು ನಕ್ಕು, ಹೇಳಿಯೇ ಒಯ್ಯುತ್ತಾರಲ್ಲ, ಪರವಾಗಿಲ್ಲ ಅಂದಿದ್ದರು.

ಮೊದಲ ಕ್ಯಾಸೆಟ್ಟು ಮಾಡಿದ ಮೇಲೆ ಯಾರೂ ಹಾಗೆ ನಗಲಿಲ್ಲ. ಅದಕ್ಕಾಗಿ ಏಳು ಮನೆಗಳಿಂದ ಏಳು ಹಾಡು ತಂದಿದ್ದೆವು. ಮೈಕಿನ ಮುಂದೆ ಹಾಡಿ ಮುಗಿಸಿದ್ದೇ ತಡ, ಹಾಡು ನನ್ನ ಬಾಯಿಂದ ಟೇಪಿಗೆ ಹೋಯಿತು. ಹೋಗುತ್ತದೆಂದು ನಮಗೆ ಗೊತ್ತಿತ್ತು. ಟೇಪಿನಿಂದ ಹಿಂದಕ್ಕೆ ಬರುವುದಿಲ್ಲ ಎಂದು ಗೊತ್ತಿರಲಿಲ್ಲ. ಟೇಪ್‌ರೆಕಾರ್ಡರ್ ಹೊತ್ತುಕೊಂಡು ಏಳು ಹೊಸ್ತಿಲಿನಲ್ಲೂ ಕೂತೆವು. ಕ್ಯಾಸೆಟ್ಟು ಚೆನ್ನಾಗಿಯೇ ಹಾಡಿತು, ಆದರೆ ಹೊಸ ಚರಣ ಸೇರಿಸುವುದು ಯಾರು? ಕ್ಯಾಸೆಟ್ಟಿಗೆ ಕಟ್ಟಲು ಬರುವುದಿಲ್ಲ. ನಾನು ಕಟ್ಟೋಣವೆಂದರೆ ನನ್ನ ಬಾಯಲ್ಲಿ ಆ ಹಾಡಿನ ಒಂದಕ್ಷರವೂ ಉಳಿದಿರಲಿಲ್ಲ. ಸುಮ್ಮನೆ ಏನಾದರೂ ಸೇರಿಸಿದರೆ ಅದು ಹಾಡಿಗೆ ಅಂಟಿಕೊಳ್ಳುತ್ತಿರಲಿಲ್ಲ. ಏಳಕ್ಕೆ ಏಳೂ ಕ್ಯಾಸೆಟ್ಟಿನಲ್ಲೇ ಉಳಿದವು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅನ್ನುತ್ತಾರಲ್ಲ, ನಮ್ಮೂರಿನ ಈರಭದ್ರ ನಾನೇ.

ಯಾರೂ ಜಗಳ ಆಡಲಿಲ್ಲ, ಅದೇ ಕಷ್ಟವಾಗಿದ್ದು. ಸೋಬಾನೆ ಕಳೆದುಕೊಂಡವರು ಅರಿಶಿನದ ಹೊತ್ತಿಗೆ ಹಿತ್ತಾಳೆ ತಟ್ಟೆ ಬಡಿಯುವುದನ್ನು ರೂಢಿ ಮಾಡಿಕೊಂಡರು. ನಾಟಿ ಹಾಡು ಕಳೆದುಕೊಂಡವರು ಸಾಲಾಗಿ ಬಗ್ಗಿ ಒಂದು, ಎರಡು, ಮೂರು ಎಂದು ಎಣಿಸುತ್ತ ಪೈರು ನೆಟ್ಟರು. ಬೀಸುವ ಪದ ಕೊಟ್ಟಿದ್ದ ಗುರುಬಸವ್ವ ಬೀಸುಕಲ್ಲನ್ನೇ ಮೂಲೆಗೆ ಉರುಳಿಸಿ ಹಿಟ್ಟಿನ ಗಿರಣಿಗೆ ಹೋಗತೊಡಗಿದಳು. ದಾರಿಯಲ್ಲಿ ಸಿಕ್ಕರೆ ಮೊದಲಿನ ಹಾಗೆಯೇ, ಚೆನ್ನಾಗಿದ್ದೀಯೇನವ್ವ ಎಂದು ಕೇಳುತ್ತಿದ್ದಳು. ನಾಲ್ಕು ಬೈಗುಳ ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಹೀಗೇ ಐದು ವರ್ಷ ಕಳೆದ ಮೇಲೆ ಎರಡನೆಯ ಕ್ಯಾಸೆಟ್ಟಿಗೆ ಕಂಪನಿಯವರಿಂದ ಕಾಗದ ಬಂತು. ಒಂಬತ್ತು ಹಾಡು ಬೇಕು. ಎಂಟನ್ನು ಧರಣಿ ತಾನೇ ಕಟ್ಟಿದ. ಅವು ಕ್ಯಾಸೆಟ್ಟಿಗೆ ಹೋದರೆ ಯಾರ ಮನೆಯೂ ಬರಿದಾಗುವುದಿಲ್ಲ, ಅವನ ತಲೆಯಲ್ಲಿ ಇನ್ನೂ ಬೇಕಾದಷ್ಟು ಹಾಡುಗಳಿವೆ. ಒಂಬತ್ತನೆಯದು ಮಾತ್ರ ಊರಿನ ಹಳೇ ಹಾಡೇ ಆಗಬೇಕು, ಇಲ್ಲದಿದ್ದರೆ ಕ್ಯಾಸೆಟ್ಟೇ ಬೇಡ ಎಂದು ಕಂಪನಿ ಬರೆದಿತ್ತು. ನಾನು ಆಗುವುದಿಲ್ಲ ಅಂದೆ. ಧರಣಿ ಉಗುರು ಕಚ್ಚಿದ. ಒಂಬತ್ತನೆಯದರ ಜಾಗಕ್ಕೆ ಈ ಐಸ್ ಫ್ಯಾಕ್ಟರಿಯ ಮೌನವನ್ನೇ ರೆಕಾರ್ಡ್ ಮಾಡಿ ಕಳಿಸೋಣ, ಅದೂ ನಮ್ಮಪ್ಪನ ಕಾಲದ್ದೇ, ಎಂದ ಖಾಜಣ್ಣ.

ಹೀಗಿರುವಾಗ ಒಂದು ಬೆಳಗ್ಗೆ ದುರುಗಕ್ಕ ಐಸ್ ಫ್ಯಾಕ್ಟರಿಗೆ ಬಂದಳು. ದುರುಗಕ್ಕ ಬಾಲವಾಡಿಯ ಆಯಾ. ಹದಿನೆಂಟು ಮಕ್ಕಳಿಗೆ ಉಣ್ಣಿಸಿ, ಮೂಗು ಒರೆಸಿ, ಮಧ್ಯಾಹ್ನ ಒಂದು ಗಂಟೆಗೆ ಚಾಪೆಯ ಮೇಲೆ ಸಾಲಾಗಿ ಮಲಗಿಸುವುದು ಅವಳ ಕೆಲಸ. ಮಕ್ಕಳು ಅವಳನ್ನು ದುರುಗವ್ವ ಅನ್ನುತ್ತವೆ. ಮೂವತ್ತು ವರ್ಷದಿಂದ ಅದೇ ಕೆಲಸ, ಅದೇ ಜೋಗುಳ. ನಮ್ಮವ್ವ ಹತ್ತಿ ಗಿರಣಿಗೆ ಹೋಗುತ್ತಿದ್ದ ಕಾಲದಲ್ಲಿ ಆ ಚಾಪೆಯ ಮೇಲೆ ನಾನೂ ಮಲಗಿದ್ದೇನೆ. ಜೋಗುಳ ಶುರುವಾಗುವುದು ಹೀಗೆ:

ತೂಗೋಕೆ ಕಂದಯ್ಯ ತೊಟ್ಟಿಲು ಬಂದಿಲ್ಲ
ಬಾಗಿಲ ಹಲಗೇಲಿ ಮಲಗಯ್ಯ, ನಿನ್ನಪ್ಪ
ತೊಟ್ಟಿಲ ತರಲಾಕೆ ಹೋಗವ್ನೆ

ತೊಟ್ಟಿಲು ತರಲು ಹೋದ ಆ ಅಪ್ಪ ಇನ್ನೂ ಬಂದಿಲ್ಲ. ಹಾಡನ್ನು ಎರವಲು ಪಡೆದವರೆಲ್ಲ ವಾಪಸ್ ಕೊಡುವಾಗ ಅವನನ್ನು ಒಂದೊಂದು ನೆಪದಲ್ಲಿ ತಡೆದಿದ್ದಾರೆ. ಬಡಗಿಯ ಉಳಿ ಮೊಂಡಾಗಿತ್ತು ಎಂದು ಒಬ್ಬರು, ದಾರಿಯಲ್ಲಿ ಮಳೆ ಹಿಡಿಯಿತು ಎಂದು ಇನ್ನೊಬ್ಬರು, ನೆಂಟರು ಊಟಕ್ಕೆ ನಿಲ್ಲಿಸಿಕೊಂಡರು ಎಂದು ಮತ್ತೊಬ್ಬರು. ಕಡೆಗೆ ಒಬ್ಬ ಬಳೆಗಾರ ಅವನನ್ನು ಹೊಳೆಯ ದಂಡೆಯಲ್ಲಿ ದೋಣಿಗೆ ಕಾಯುತ್ತ ಕೂರಿಸಿದ್ದ. ಅವನು ಬಂದುಬಿಟ್ಟರೆ ಹಾಡು ಮುಗಿದುಹೋಗುತ್ತದೆಂದು ಯಾರೂ ಅವನನ್ನು ಮನೆ ಸೇರಿಸಿರಲಿಲ್ಲ. ಚಿಕ್ಕವಳಿದ್ದಾಗ ನನಗೆ ಅವನದೇ ಚಿಂತೆ. ಇವತ್ತಾದರೂ ಬರುತ್ತಾನೇನೋ ಎಂದು ಕಾಯುತ್ತ ಕಾಯುತ್ತ ನಿದ್ದೆ ಹೋಗುತ್ತಿದ್ದೆ.

ದುರುಗಕ್ಕ ಸೆರಗು ಸರಿಸಿ ಗಂಟಲು ತೋರಿಸಿದಳು. ಬೋರೆಹಣ್ಣಿನಷ್ಟು ಗಂಟು. ಮುಂದಿನ ತಿಂಗಳು ದೊಡ್ಡಾಸ್ಪತ್ರೆಯಲ್ಲಿ ಕೊಯ್ದು ತೆಗೆಯುತ್ತಾರಂತೆ, ಎರಡು ತಿಂಗಳು ಪಿಟ್ಟೆನ್ನಬಾರದಂತೆ, ಆಮೇಲೆ ದನಿ ಬಂದರೂ ಬಂತು, ಇಲ್ಲದಿದ್ದರೂ ಇಲ್ಲವಂತೆ. ಇಷ್ಟನ್ನೂ ಅವಳು ಬೇರೆ ಯಾರದೋ ಗಂಟಲಿನ ಸುದ್ದಿಯ ಹಾಗೆ ಹೇಳಿ, ಅಲ್ಲಿಯ ತನಕ ಜೋಗುಳ ನಿನ್ನ ಹತ್ತಿರ ಇರಲಿ, ಕ್ಯಾಸೆಟ್ಟಿಗೂ ಹಾಕಿಕೋ, ಮಕ್ಕಳು ಅದನ್ನೇ ಕೇಳಿಕೊಂಡು ಮಲಗುತ್ತವೆ ಅಂದಳು.

“ನನಗೆ ಬ್ಯಾಡ ದುರುಗಕ್ಕ,” ಅಂದೆ. “ಏಳು ಮನೆ ಬರಿದು ಮಾಡಿದೋಳು ನಾನು.”

“ಅದಕ್ಕೇ ಕಣೆ ನಿನಗೆ ಕೊಡ್ತಿರೋದು. ಕೊಟ್ರೆ ತಾನೆ ವಾಪಸ್ ಕೊಡೋದು ಕಲಿಯೋದು? ಬೀಗ ಹಾಕಿದ ಮನೇಲಿ ಹಸ ಕಟ್ಟಿ ಊರಿಗೆ ಹೋಗ್ತಾರೇನೆ ಯಾರಾದ್ರೂ?”

ಆಮೇಲೆ, ಆ ಏಳು ಹಾಡುಗಳನ್ನು ಅದು ಹೇಗೆ ಕಳೆದಿರಿ, ನೆಟ್ಟಗೆ ಹೇಳು ಅಂದಳು. ಮೊದಲಿನಿಂದ ಕೊನೆಯವರೆಗೆ ಒಂದು ಸಾಲೂ ಬಿಡದೆ ಮೈಕಿಗೆ ಹಾಡಿದೆ ಎಂದು ಹೇಳಿದೆ. ಒಂದೇ ಚಡ್ಡಿಕಾಲಿಗೆ ಎರಡೂ ಕಾಲು ತೂರಿಸಿಕೊಂಡು ನಿಂತ ಮಗುವನ್ನು ನೋಡುವ ಹಾಗೆ ನನ್ನನ್ನು ನೋಡಿದಳು.

“ಮೊಸರನ್ನೆಲ್ಲ ಬಡಿಸಿಬಿಟ್ಟು, ಹೆಪ್ಪೆಲ್ಲಿ ಹೆಪ್ಪೆಲ್ಲಿ ಅಂತ ಹುಡುಕಿದ್ಯೇನೆ ತಿಪ್ಪಿ? ಕೊನೇ ಚರಣ ಮೈಕಿಗೆ ಹಾಕಬ್ಯಾಡ. ಬಾಯಾಗೆ ಇಟ್ಕ. ಮಿಕ್ಕಿದ್ದು ಅದರ ಹಿಂದೇನೇ ಬತ್ತದೆ.”

ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಮೂವರ ಮನೆಯಲ್ಲೂ ದಿನಾ ಸಂಜೆ ಒಂದು ಚಮಚ ಮೊಸರು ಉಳಿಸಿ ಹಾಲಿಗೆ ಹೆಪ್ಪು ಹಾಕುತ್ತಾರೆ, ಒಬ್ಬರಿಗೂ ಇದು ಹೊಳೆದಿರಲಿಲ್ಲ. ಐದು ವರ್ಷ ಯಾಕೆ ಹೇಳಲಿಲ್ಲ ಎಂದು ಖಾಜಣ್ಣ ಕೇಳಿದ. ನೀವು ಕೇಳಿದಿರಾ ಎಂದಳು ದುರುಗಕ್ಕ. ನಾವು ಕೇಳಿರಲಿಲ್ಲ. ಮುಖ ತಪ್ಪಿಸಿಕೊಂಡು ಓಡಾಡುವವರು ಯಾರನ್ನು ಏನು ಕೇಳುತ್ತಾರೆ?

ಅವಳ ಮನೆಯ ಹೊಸ್ತಿಲಿನಲ್ಲಿ ಹಾಡು ಪಡೆದೆ. ಮೊದಲ ಸಾಲನ್ನು ಕಿವಿಯಲ್ಲಿ ಹೇಳುವಾಗ ಅವಳ ಬಾಯಿಂದ ಎಲೆಯಡಿಕೆಯ ವಾಸನೆ ಬಂತು, ಚಾಪೆಯ ಮೇಲೆ ಮಲಗಿದ್ದ ದಿನಗಳಲ್ಲಿ ಬರುತ್ತಿದ್ದ ಅದೇ ವಾಸನೆ. ನಾನು ತಿರುಗಿ ಹೇಳಿದೆ. ಬ್ಯಾಂಡಿನಲ್ಲಿ ಎಷ್ಟೋ ಹಾಡು ಹಾಡಿದ್ದೇನೆ, ಯಾವುದೂ ಹೀಗೆ ಬಂದು ಎದೆಯಲ್ಲಿ ಕೂತಿರಲಿಲ್ಲ. ದುರುಗಕ್ಕ ಸುಮ್ಮನೆ ಇರಲಾರದೆ ಹಾಡಿ ನೋಡಿದಳು. ಬರೀ ಗಾಳಿ. ನಕ್ಕಳು, ಕಣ್ಣಲ್ಲಿ ನೀರಿತ್ತು. ನನಗೂ ಅಳು ಬಂತು, ಅವಳ ಮುಂದೆ ಅಳಬಾರದೆಂದು ಚಪ್ಪಲಿ ಹುಡುಕುವ ಹಾಗೆ ಬಗ್ಗಿದೆ.

ಎಂಟು ಹಾಡು ವಾರದಲ್ಲಿ ಮುಗಿದವು. ಒಂಬತ್ತನೆಯದಕ್ಕೆ ಮೂರು ದಿನ ಅಭ್ಯಾಸ ಹಿಡಿಯಿತು. ಹಾಡು ಟೇಪಿಗೆ ಹೋಗುವುದು ಒಂದೇ ಸಲ, ತಪ್ಪಿದರೆ ತಪ್ಪಿದ್ದೇ. ಅದಕ್ಕೆ ಮೈಕು ಹಾಕದೆ ಅಭ್ಯಾಸ ಮಾಡಿದೆವು. ಕೊನೆಯ ಚರಣದ ಮುಂಚೆ ನಿಲ್ಲಿಸುವುದು ನನ್ನ ಕೈಲಿ ಆಗಲೇ ಇಲ್ಲ. ಇಳಿಜಾರಿಗೆ ಬಿದ್ದ ಗಾಡಿಯ ಹಾಗೆ ನಾಲಿಗೆ ಪ್ರತಿ ಸಲವೂ ಹೊಳೆಯ ದಂಡೆಗೆ ಹೋಗಿಯೇ ನಿಲ್ಲುತ್ತಿತ್ತು. ಧರಣಿಗೆ ಹತ್ತೂ ಬೆರಳಿನ ಉಗುರು ಮುಗಿದವು. ಕಡೆಗೆ ಖಾಜಣ್ಣ ಒಂದು ಚೊಂಬು ನೀರು ತಂದು ನನ್ನ ಕೈಗೆ ಕೊಟ್ಟ. ನೆಂಟರ ಮನೆಯ ಊಟದ ಚರಣ ಮುಗಿಯುತ್ತಿದ್ದ ಹಾಗೆ ಬಾಯಿ ತುಂಬ ನೀರು ತುಂಬಿಕೊಂಡು ನಿಲ್ಲಬೇಕು, ಕೊನೆಯ ಚರಣದ ಹೊತ್ತನ್ನು ಗಿಟಾರು ಮತ್ತು ಬುಲ್‌ಬುಲ್ ತರಂಗವೇ ನುಡಿಯಬೇಕು, ಅವು ನಿಂತ ಮೇಲೆ ಹೊರಗೆ ಹೋಗಿ ನೀರು ಉಗಿಯಬೇಕು. ಇದಕ್ಕಿಂತ ಚೆನ್ನಾದ ಉಪಾಯ ಯಾವ ಸ್ಟುಡಿಯೋದಲ್ಲೂ ಇರಲಾರದು.

ಮೈಕು ಹಾಕಿದ ದಿನ ಹಾಗೆಯೇ ಮಾಡಿದೆವು. ಹಾಡಿದ ಚರಣ ಹಾಡಿದ ಹಾಗೆಯೇ ನನ್ನಿಂದ ಹೋಗುತ್ತಿತ್ತು. ಬಡಗಿ ಹೋದ, ಮಳೆ ಹೋಯಿತು, ನೆಂಟರು ಹೋದರು. ಒಂದೊಂದು ಹೋದಾಗಲೂ ಮನೆಯ ದೀಪ ಒಂದೊಂದೇ ಆರಿಸಿಕೊಂಡು ಬಂದಂತೆ ಅನಿಸಿತು. ಕೆನ್ನೆ ಉಬ್ಬಿಸಿಕೊಂಡು ನಿಂತೆ. ಧರಣಿ ಕಣ್ಣು ಮುಚ್ಚಿ ನುಡಿಸಿದ, ಖಾಜಣ್ಣ ನನ್ನ ಬಾಯನ್ನೇ ನೋಡುತ್ತ ನುಡಿಸಿದ. ಹೊರಗೆ ಹೋಗಿ ಉಗಿದು, ಹೆದರುತ್ತ ಹೆದರುತ್ತ ಒಳಗೇ ತಡವಿ ನೋಡಿದೆ. ಹೊಳೆಯ ದಂಡೆಯಲ್ಲಿ ಕೂತ ಅಪ್ಪ ಅಲ್ಲೇ ಇದ್ದ.

ಆಮೇಲಿನ ಮೂರು ತಿಂಗಳು ನನ್ನಷ್ಟು ಜಂಬದವಳು ಊರಲ್ಲಿ ಇಲ್ಲವೆಂದು ಹೆಸರಾಯಿತು. ಆ ಚರಣ ಎಲ್ಲಿ ಜಾರಿ ಹೋಗುತ್ತದೋ ಎಂದು ನಾನು ಮಾತು ಕಡಿಮೆ ಮಾಡಿದ್ದೆ. ಸ್ನಾನ ಮಾಡುವಾಗ ಗುನುಗುವ ಚಾಳಿ ಇತ್ತು, ಅದಕ್ಕೆ ಬಾಯಲ್ಲಿ ಲವಂಗ ಕಚ್ಚಿಕೊಂಡು ಮೈಗೆ ನೀರು ಹಾಕಿಕೊಳ್ಳುತ್ತಿದ್ದೆ.

ಬಾಲವಾಡಿಯಲ್ಲಿ ವಿಶಾಲಾಕ್ಷಿ ಟೀಚರು ದಿನಾ ಒಂದು ಗಂಟೆಗೆ ಕ್ಯಾಸೆಟ್ಟು ಹಾಕುತ್ತಿದ್ದರು. ಮಕ್ಕಳು ಮಲಗುವುದು ಬಿಟ್ಟು ಟೇಪ್‌ರೆಕಾರ್ಡರಿನ ಸುತ್ತ ಕೂತು, ಜಾಲರಿಯ ಒಳಗೆ ಮುಖ ಹುಡುಕುತ್ತಿದ್ದವು. ಅದರೊಳಗೆ ಇರುವುದು ತಿಪ್ಪಿ ಅಕ್ಕ ಎಂದರೆ, ದುರುಗವ್ವ ಯಾಕಿಲ್ಲ ಎಂದು ಕೇಳುತ್ತಿದ್ದವು. ಟೀಚರು ತಾವೇ ಏನಾದರೂ ಹಾಡೋಣವೆಂದರೆ ಅವರ ದನಿ ಎಣ್ಣೆ ಕಾಣದ ರಾಟೆ. ಬೆಳಗಿನ ಪ್ರಾರ್ಥನೆಗೆ ಅವರು ಬಾಯಿ ತೆರೆದರೆ ಮಕ್ಕಳು ಕಿವಿ ಮುಚ್ಚಿಕೊಳ್ಳುತ್ತವೆ, ಅವರೇ ಅದನ್ನು ಹೇಳಿಕೊಂಡು ನಗುತ್ತಾರೆ. ಪುಣ್ಯಾತಗಿತ್ತಿ ಆ ಮೂರು ತಿಂಗಳು ಹದಿನೆಂಟು ಮಕ್ಕಳ ಬೆನ್ನನ್ನು ಸರದಿಯಲ್ಲಿ ತಟ್ಟಿ ತಟ್ಟಿ ಮಣಿಕಟ್ಟು ಊದಿಸಿಕೊಂಡರು.

ದುರುಗಕ್ಕ ಆಸ್ಪತ್ರೆಯಿಂದ ಬಂದು, ಪಥ್ಯ ಮುಗಿದು, ಹೊಸ್ತಿಲಿನ ಒಳಗೆ ಕೂತ ದಿನ ನಾನು ಟೇಪ್‌ರೆಕಾರ್ಡರ್ ಹಿಡಿದು ಹೊರಗೆ ಕೂತೆ. ಸುದ್ದಿ ಹೇಗೋ ಹಬ್ಬಿತ್ತು. ಆ ಏಳು ಮನೆಯವರೂ ಬೀದಿಯಲ್ಲಿ ನಿಂತಿದ್ದರು, ಗುರುಬಸವ್ವನೂ ಇದ್ದಳು. ಕ್ಯಾಸೆಟ್ಟು ಹಾಡಿತು. ನೆಂಟರ ಮನೆಯ ಊಟ ಮುಗಿದು ಬರೀ ಗಿಟಾರು ಉಳಿದ ಜಾಗದಲ್ಲಿ ನಾನು ಬಾಯಿ ತೆರೆದು ಹೊಳೆಯ ದಂಡೆಯ ಚರಣ ಹಾಡಿದೆ. ಅದರ ಬೆನ್ನಿಗೆ ನನ್ನದೊಂದನ್ನು ಸೇರಿಸಿದೆ. ಮೂರು ತಿಂಗಳಿಂದ ಕಟ್ಟಿ ಕಟ್ಟಿ ಅಳಿಸಿ ಉಳಿದದ್ದು ಇಷ್ಟೇ:

ಮಂಜಿನ ಮನೆಯಾಗೆ ಹಾಡೊಂದ ಮರೆತವ್ನೆ
ಅಂಜುತ್ತ ಹಿಂದಕ್ಕೆ ತಿರುಗವ್ನೆ, ಕಂದಯ್ಯ
ಇನ್ನೊಂದು ಗಳಿಗೆ ತಡೆಯಯ್ಯ

ದುರುಗಕ್ಕ ಬಾಯಿ ತೆರೆದಳು. ಮೊದಲು ಗಾಳಿ ಬಂತು. ಆಮೇಲೆ ಆ ಗಾಳಿಯ ಒಳಗಿನಿಂದ ದಾರದೆಳೆಯಂಥ ದನಿಯೊಂದು ಎದ್ದು, ತೂಗೋಕೆ ಕಂದಯ್ಯ ತೊಟ್ಟಿಲು ಬಂದಿಲ್ಲ ಅಂದಿತು. ದನಿ ಮೊದಲಿನ ಅರ್ಧವೂ ಇರಲಿಲ್ಲ. ಹಾಡು ಪೂರ್ತಿ ಇತ್ತು. ಗುರುಬಸವ್ವ ಬಂದು ನನ್ನ ತಲೆಯ ಮೇಲೆ ಕೈಯಿಟ್ಟಳು. ಅವಳ ಹಾಡು ಬರುವುದಿಲ್ಲ, ಅದಕ್ಕೆ ಹೆಪ್ಪಿಲ್ಲ, ಅದು ಅವಳಿಗೂ ಗೊತ್ತಿತ್ತು. ಆದರೂ ಇಟ್ಟಳು. ಈ ಸಲ ಅಳುವುದಕ್ಕೆ ಚಪ್ಪಲಿಯ ನೆಪ ಹುಡುಕಲಿಲ್ಲ.

ಹತ್ತು ದಿನಕ್ಕೆ ಕಂಪನಿಯವರಿಂದ ಸಿಟ್ಟಿನ ಕಾಗದ ಬಂತು. ಒಂಬತ್ತನೆಯ ಹಾಡಿನಲ್ಲಿ ದನಿಯೇ ಇಲ್ಲವೆಂದು ಎಲ್ಲೆಲ್ಲಿಂದಲೋ ದೂರು ಬರುತ್ತಿದೆಯಂತೆ. ಮಾರನೆಯ ದಿನ ಇನ್ನೊಂದು ಕಾಗದ, ಬೆಳಗ್ಗೆ ಕೇಳಿದರೆ ಇದೆ, ಮಧ್ಯಾಹ್ನ ಕೇಳಿದರೆ ಇಲ್ಲ, ಇದೇನು? ನಾನು ದುರುಗಕ್ಕನನ್ನು ಕೇಳಿದೆ. ಮಕ್ಕಳು ಮಲಗಿದ ಮೇಲೆ ಹಾಡನ್ನು ಬಾಯಲ್ಲಿ ಕಟ್ಟಿಹಾಕಿಕೊಂಡು ಏನು ಮಾಡಲಿ, ಹೋಗಿ ನಾಲ್ಕು ಜನಕ್ಕೆ ಕೇಳಿಸಿ ಬರಲಿ ಎಂದು ಕ್ಯಾಸೆಟ್ಟಿಗೆ ಬಿಡುತ್ತೇನೆ, ಕೊನೇ ಚರಣ ಮಾತ್ರ ಇಟ್ಟುಕೊಂಡಿರುತ್ತೇನೆ, ಒಂದು ಗಂಟೆಗೆ ಅದನ್ನು ಅಂದರೆ ಮಿಕ್ಕದ್ದು ತಾನಾಗಿ ಬರುತ್ತದೆ ಅಂದಳು. ಮುಂದಿನ ಸಲ ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿಸಿದೆವು: ‘ಒಂಬತ್ತನೆಯ ಹಾಡಿನ ದನಿ ಮಧ್ಯಾಹ್ನ ಒಂದರಿಂದ ಎರಡರವರೆಗೆ ಇರುವುದಿಲ್ಲ. ಮಕ್ಕಳು ಮಲಗುವ ಹೊತ್ತು.’ ಜನ ಅದನ್ನೂ ಫ್ಯಾಷನ್ನು ಅಂದುಕೊಂಡು ಇನ್ನಷ್ಟು ಕ್ಯಾಸೆಟ್ಟು ಕೊಂಡರು.

ಎರಡು ವರ್ಷ ಹೀಗೇ ನಡೆಯಿತು. ಊರೂರು ತಿರುಗಿ ಕಾರ್ಯಕ್ರಮ ಕೊಟ್ಟೆವು. ಹಾಡುಗಳು ಕ್ಯಾಸೆಟ್ಟಿನಲ್ಲಿದ್ದವಲ್ಲ, ವೇದಿಕೆಯ ಮೇಲೆ ಕ್ಯಾಸೆಟ್ಟು ಹಾಕಿ ನಾನು ಬಾಯಾಡಿಸುತ್ತಿದ್ದೆ. ದೊಡ್ಡ ದೊಡ್ಡ ಬ್ಯಾಂಡಿನವರೂ ಹಾಗೇ ಮಾಡುತ್ತಾರೆಂದು ಕೇಳಿದ್ದೇನೆ, ಆದರೆ ಅವರಿಗೆ ನಮ್ಮಂಥ ಕಾರಣವಿಲ್ಲ. ಯಾವ ಊರಲ್ಲಿದ್ದರೂ ಮಧ್ಯಾಹ್ನ ಒಂದೂಕಾಲಕ್ಕೆ ವಾಕ್‌ಮನ್ ಕಿವಿಗೆ ಹಾಕಿ ಒಂಬತ್ತನೆಯ ಹಾಡು ಹಚ್ಚುವುದು ನನಗೆ ರೂಢಿಯಾಯಿತು. ನನ್ನ ದನಿ ಇರುತ್ತಿರಲಿಲ್ಲ. ಗಿಟಾರು, ಬುಲ್‌ಬುಲ್ ತರಂಗ, ನಡುವೆ ಖಾಲಿ. ಖಾಲಿ ಇದೆಯೆಂದರೆ ಅಲ್ಲಿ ದುರುಗಕ್ಕ ಹಾಡುತ್ತಿದ್ದಾಳೆ, ಹುಷಾರಾಗಿದ್ದಾಳೆ, ಮಕ್ಕಳು ಕಣ್ಣು ಮುಚ್ಚುತ್ತಿವೆ. ಅಷ್ಟು ತಿಳಿದ ಮೇಲೆ ನಾನು ಊಟಕ್ಕೆ ಏಳುತ್ತಿದ್ದೆ.

ಒಂದು ದಿನ, ಮನೆ ಬಿಟ್ಟು ಹನ್ನೊಂದು ದಿನವಾಗಿತ್ತು, ಬಸ್ಸಿನಲ್ಲಿ ಹಚ್ಚಿದೆ. ದನಿ ಇತ್ತು. ತೂಗೋಕೆ ಕಂದಯ್ಯ ಎಂದು ನನ್ನದೇ ದನಿ ನನ್ನ ಕಿವಿಯಲ್ಲಿ ಹಾಡುತ್ತಿತ್ತು. ಗಡಿಯಾರ ನೋಡಿದೆ, ಒಂದೂಕಾಲು. ಬಾಲವಾಡಿಗೆ ರಜೆ ಇರಬೇಕು ಎಂದ ಧರಣಿ. ಮಾರನೆಯ ದಿನವೂ ಇತ್ತು, ಅದರ ಮಾರನೆಯ ದಿನವೂ ಇತ್ತು. ನನ್ನ ದನಿಯನ್ನು ನಾನು ಅಷ್ಟು ದ್ವೇಷಿಸಿದ್ದು ಇನ್ನೆಂದೂ ಇಲ್ಲ. ಉಳಿದ ಕಾರ್ಯಕ್ರಮ ಬಿಟ್ಟು ಊರಿಗೆ ಹೊರಟೆವು.

ದುರುಗಕ್ಕ ಹೋಗಿ ಐದು ದಿನವಾಗಿತ್ತು. ಬೆಳಗ್ಗೆ ಎದ್ದು ಮುಖ ತೊಳೆದು, ಬಾಲವಾಡಿಗೆ ಹೊರಡುವ ಮುಂಚೆ ಒಂದು ಗಳಿಗೆ ಗೋಡೆಗೆ ಒರಗಿ ಕೂತವಳು ಹಾಗೇ ಹೋಗಿದ್ದಳು. ನರಳಲಿಲ್ಲ ಎಂದು ಎಲ್ಲರೂ ಹೇಳಿದರು. ನನಗೆ ಅದರಿಂದ ಸಮಾಧಾನವಾಗಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಬಾಲವಾಡಿಗೆ ಹೋದೆ. ಮಕ್ಕಳು ಚಾಪೆಯ ಮೇಲೆ ಎಚ್ಚರವಾಗಿಯೇ ಇದ್ದವು, ಕೆಲವು ಸೀಮೆಸುಣ್ಣ ಪುಡಿ ಮಾಡುತ್ತಿದ್ದವು, ಒಂದು ಸುಮ್ಮನೆ ಬಾಗಿಲು ನೋಡುತ್ತಿತ್ತು. ವಿಶಾಲಾಕ್ಷಿ ಟೀಚರು ನನ್ನನ್ನು ಕಂಡದ್ದೇ ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ಹತ್ತಿರ ಬಂದು ಪಿಸುಗುಟ್ಟಿದರು. ಹೋಗುವುದಕ್ಕೆ ಎರಡು ದಿನ ಮುಂಚೆ ದುರುಗಕ್ಕ ಅವರನ್ನು ಹೊಸ್ತಿಲಿನ ಹೊರಗೆ ಕೂರಿಸಿಕೊಂಡು ಕೊನೆಯ ಚರಣ ಕೊಟ್ಟಿದ್ದಳಂತೆ. ನನ್ನದೇ ಚರಣ, ಮಂಜಿನ ಮನೆಯದು. ಹೊಳೆಯ ದಂಡೆಯದು ನನ್ನ ಹತ್ತಿರ ಒಂದು ಚಮಚ ಇದೆ, ನಿಮ್ಮ ಹತ್ತಿರವೂ ಇದೊಂದು ಇರಲಿ, ಯಾವುದಾದರೂ ಒಂದು ಕೆಡದೆ ಉಳಿಯುತ್ತದೆ ಅಂದಿದ್ದಳಂತೆ.

“ಎಂಟು ದಿನದಿಂದ ಬಾಯಲ್ಲೇ ಇಟ್ಕೊಂಡಿದೀನಿ,” ಅಂದರು ಟೀಚರು. “ಹಾಡೋಕೆ ಧೈರ್ಯ ಇಲ್ಲ. ನನ್ನ ದನಿ ಕೇಳಿದ್ರೆ ಇರೋ ನಿದ್ದೇನೂ ಹೋಗುತ್ತೆ. ನೀವೇ ತಗೊಳ್ಳಿ ತಿಪ್ಪಮ್ಮ. ನಿಮ್ಮ ಕಂಠಕ್ಕೆ ಅದು ಸರಿ.”

ಸುಳ್ಳು ಯಾಕೆ ಹೇಳಲಿ, ಆಸೆಯಾಯಿತು. ಆ ಹಾಡು ಎದೆಯಲ್ಲಿ ಬಂದು ಕೂತಿದ್ದ ದಿನ ನೆನಪಾಯಿತು. ತೆಗೆದುಕೊಂಡರೆ ತಪ್ಪು ಅನ್ನುವವರು ಯಾರೂ ಇರಲಿಲ್ಲ, ಕೊಡುವವರೇ ಕೈ ಮುಗಿದು ಕೊಡುತ್ತಿದ್ದರು. ಬಾಲವಾಡಿಯ ಹೊಸ್ತಿಲಿನ ಹೊರಗೆ ಹೋಗಿ ಕೂತೂಬಿಟ್ಟೆ. ಟೀಚರು ಒಳಗೆ ಕೂತು ನನ್ನ ಕಿವಿಯ ಹತ್ತಿರ ಬಗ್ಗಿದರು. ಆಗ ಕೇಳಿದೆ, ದುರುಗಕ್ಕನಿಗೆ ನಾನಿದ್ದೆ, ಊರಲ್ಲಿ ಹಾಡುವವರು ಇನ್ನೂ ಎಷ್ಟೋ ಜನ ಇದ್ದರು, ನಿಮಗೇ ಯಾಕೆ ಕೊಟ್ಟಳು?

“ನಾನು ದಿನಾ ಇಲ್ಲೇ ಇರ್ತೀನಲ್ಲ, ಅದಕ್ಕಿರಬಹುದು,” ಅಂದರು ಟೀಚರು.

ನಾನು ಕಿವಿ ಹಿಂದಕ್ಕೆ ತೆಗೆದುಕೊಂಡೆ. ಮುಂದಿನ ವಾರ ನಾವು ಎಲ್ಲಿರುತ್ತೇವೋ ನಮಗೇ ಗೊತ್ತಿರಲಿಲ್ಲ. ಎದ್ದು ಸೀರೆ ಕೊಡವಿಕೊಂಡೆ. “ನಿಮ್ಮ ಹತ್ರಾನೇ ಇರ್ಲಿ ಟೀಚರೇ,” ಅಂದೆ. “ಮಕ್ಳು ಅಳ್ತವೆ ಅಂದ್ರೆ ನಾಕು ದಿನ ಅಳ್ಲಿ. ದುರುಗಕ್ಕನ ಹಾಡಿಗೆ ಮೊದಲ ದಿನ ನಾನೂ ಅತ್ತೋಳೇ.”

ಐಸ್ ಫ್ಯಾಕ್ಟರಿಗೆ ಬಂದು, ಮಾರನೆಯ ದಿನದಿಂದ ಮೂವರೂ ಒಂದು ಗಂಟೆಗೆ ಟೇಪ್‌ರೆಕಾರ್ಡರಿನ ಮುಂದೆ ಕೂರತೊಡಗಿದೆವು. ಮೊದಲ ದಿನ ನನ್ನ ದನಿ ಇತ್ತು. ಎರಡನೆಯ ದಿನವೂ ಇತ್ತು. ಧರಣಿ ಹೊಸದಾಗಿ ಬೆಳೆದ ಉಗುರುಗಳನ್ನೆಲ್ಲ ಕಚ್ಚಿ ಮುಗಿಸಿದ. ಮೂರನೆಯ ದಿನ ಒಂದೂಕಾಲಕ್ಕೆ ಎರಡನೆಯ ಚರಣದ ನಡುವೆ, ಬಡಗಿಯ ಮನೆ ಇನ್ನೂ ಮುಗಿದಿರಲಿಲ್ಲ, ದನಿ ನಿಂತುಹೋಯಿತು. ಗಿಟಾರು ಮುಂದಕ್ಕೆ ಹೋಯಿತು, ಬುಲ್‌ಬುಲ್ ತರಂಗ ಮುಂದಕ್ಕೆ ಹೋಯಿತು, ನಡುವೆ ಖಾಲಿ. ನಾನು ಎದ್ದು ಚಪ್ಪಲಿಯನ್ನೂ ಹಾಕಿಕೊಳ್ಳದೆ ಎರಡು ಬೀದಿ ದಾಟಿ ಬಾಲವಾಡಿಯ ಕಿಟಕಿಯ ಹತ್ತಿರ ಹೋಗಿ ನಿಂತೆ.

ಎಣ್ಣೆ ಕಾಣದ ರಾಟೆ ತಿರುಗುತ್ತಿತ್ತು. ಶ್ರುತಿ ಇಲ್ಲ, ತಾಳ ಇಲ್ಲ, ಒಂದು ಚರಣಕ್ಕೂ ಇನ್ನೊಂದಕ್ಕೂ ನಡುವೆ ಕೆಮ್ಮು ಬೇರೆ. ಮಕ್ಕಳಲ್ಲಿ ಹತ್ತೋ ಹನ್ನೆರಡೋ ಮಲಗಿದ್ದವು, ಮಿಕ್ಕವು ಕಣ್ಣು ಮಿಟುಕಿಸುತ್ತಿದ್ದವು. ಬಾಗಿಲು ನೋಡುತ್ತಿದ್ದ ಮಗು ಟೀಚರ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತ್ತು. ಬಡಗಿ, ಮಳೆ, ನೆಂಟರು, ಹೊಳೆಯ ದಂಡೆ, ಮಂಜಿನ ಮನೆ ಎಲ್ಲ ಮುಗಿದವು. ಹಾಡು ಅಷ್ಟು ದೂರದಿಂದ ಮನೆಗೆ ಬಂದಿತ್ತು, ಟೀಚರು ಅದನ್ನು ಖಾಲಿ ತಂದಿರಲಿಲ್ಲ. ದನಿ ಇನ್ನೂ ತಗ್ಗಿಸಿ, ತಮ್ಮದೊಂದನ್ನು ಸೇರಿಸಿದರು:

ದುರುಗವ್ವ ಹೊಂಟವ್ಳೆ ತೊಟ್ಟಿಲ ಹೊರಲಾಕೆ
ಮರದ ತೊಟ್ಟಿಲು ಭಾರ ಒಬ್ಬಂಗೆ, ಕಂದಯ್ಯ
ಇಬ್ಬರೂ ಬರುತಾರೆ ಮಲಗಯ್ಯ

ಸೆರಗು ಹಿಡಿದಿದ್ದ ಮುಷ್ಟಿ ಸಡಿಲವಾಯಿತು. ನಾನು ಕಿಟಕಿಯ ಸರಳು ಹಿಡಿದುಕೊಂಡು ಚೆನ್ನಾಗಿ ಅತ್ತೆ, ಸದ್ದು ಮಾಡದೆ ಅತ್ತೆ, ಯಾಕೆಂದರೆ ಆಗ ತಾನೆ ಕಣ್ಣು ಹತ್ತಿತ್ತು ಅವಕ್ಕೆ. ವಾಪಸ್ ಬಂದಾಗ ಖಾಜಣ್ಣ ಕ್ಯಾಸೆಟ್ಟನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಹಚ್ಚಿದ್ದ. ಅವನೂ ಧರಣಿಯೂ ಕಿವಿಗೊಟ್ಟು ಕೂತಿದ್ದರು.

“ದನಿ ಬಂತಾ?” ಎಂದು ಕೇಳಿದೆ.

“ಇಲ್ಲ,” ಅಂದ ಖಾಜಣ್ಣ. “ಇನ್ನೂ ಬಂದಿಲ್ಲ.”

“ಹಂಗಾದ್ರೆ ಸರಿ,” ಅಂದು ಅವರ ಪಕ್ಕ ಕೂತೆ.